ಎರಡು ಅಲಗಿನ ಕತ್ತಿಯೂ ಸಂಕಣ್ಣನ ಕನ್ನಡಿಯೂ

ಬಹಳ ಹಿಂದೆ, ಕಲ್ಲಿಗೂ ಕಣ್ಣು ಕಾಣುತ್ತಿದ್ದ ಕಾಲದಲ್ಲಿ, ಹೊನ್ನಗವಿ ಎಂಬ ರಾಜ್ಯವಿತ್ತು. ಆ ರಾಜ್ಯದ ಕೋಟೆಗೆ ಒಂದೇ ಬಾಗಿಲು. ಬಾಗಿಲ ಪಕ್ಕದಲ್ಲಿ ಒಂದು ಕಲ್ಲಿನ ಸಿಂಹ ಕೂತಿತ್ತು. ದಿನಾ ಬೆಳಿಗ್ಗೆ ರಾಜ ಅದರ ಮುಂದೆ ಬಂದು ನಿಲ್ಲುತ್ತಿದ್ದ. ಸಿಂಹ ಅವನ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೋಡುತ್ತಿತ್ತು. ಗುರುತು ಸಿಕ್ಕಿದರೆ ಬಾಗಿಲು ತೆರೆಯುತ್ತಿತ್ತು. ಮುಖದ ಮೇಲೆ ಒಂದು ದಿನದ ಗಡ್ಡವಿದ್ದರೂ ಅದಕ್ಕೆ ಗುರುತು ಸಿಗುತ್ತಿರಲಿಲ್ಲ. ಒಂದು ಹನಿ ರಕ್ತ ಕಂಡರಂತೂ ಗಾಯ ಮಾಯುವವರೆಗೆ ಬಾಗಿಲು ಮುಚ್ಚಿಕೊಂಡೇ ಇರುತ್ತಿತ್ತು. ಹೀಗಾಗಿ ಆ ರಾಜ್ಯದಲ್ಲಿ ಸೇನಾಪತಿಯ ಕೈಗಿಂತ ಕ್ಷೌರಿಕನ ಕೈಗೆ ಹೆಚ್ಚು ಬೆಲೆ.

ಆ ಕ್ಷೌರಿಕನ ಹೆಸರು ಸಂಕಣ್ಣ. ಮೂವತ್ತೆಂಟು ವರ್ಷ ಅರಮನೆಯ ಗಡ್ಡ ಹೆರೆದವನು. ಈಗಿನ ರಾಜ ಚಂದನಸೇನನ ಮೊದಲ ಮೀಸೆಯನ್ನು ತೀಡಿದವನೂ ಅವನೇ. ಸಂಕಣ್ಣನಷ್ಟು ಅನುಮಾನದ ಪ್ರಾಣಿ ಆ ರಾಜ್ಯದಲ್ಲಿ ಇನ್ನೊಂದಿರಲಿಲ್ಲ. ನೀರು ಬಿಸಿಯಿದೆ ಎಂದರೆ ಬೆರಳದ್ದಿ ನೋಡುವನು. ಹೆಂಡತಿ ಸಿದ್ದಮ್ಮ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೆ ಅವಳ ಮುಖವನ್ನೊಮ್ಮೆ, ಸಾರನ್ನೊಮ್ಮೆ ನೋಡುವನು. ಈಚೆಗೆ ಅವನಿಗೆ ತನ್ನ ಬಲಗೈ ಮೇಲೂ ಅನುಮಾನ ಶುರುವಾಗಿತ್ತು. ಕೈ ನಡುಗುತ್ತಿತ್ತು. ಹೋದ ತಿಂಗಳು ರಾಜನ ಗಲ್ಲಕ್ಕೆ ಸಣ್ಣದೊಂದು ಗಾಯವಾಗಿ, ಕೋಟೆಯ ಬಾಗಿಲು ಮೂರು ದಿನ ತೆರೆಯಲಿಲ್ಲ. ಹೊರಗೆ ಗಾಡಿಗಳಲ್ಲಿದ್ದ ಸೊಪ್ಪು ತರಕಾರಿ ಕೊಳೆತುಹೋದವು. ರಾಜ ಬೈಯಲಿಲ್ಲ. ಬೈದಿದ್ದರೆ ಸಂಕಣ್ಣನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸರಿಯಾಗಿ ಆ ಸಮಯಕ್ಕೇ ರತ್ನಾಕ್ಷನೆಂಬ ವ್ಯಾಪಾರಿ ಆಸ್ಥಾನಕ್ಕೆ ಬಂದ. ರೇಷ್ಮೆ ಬಟ್ಟೆ ಬಿಚ್ಚಿ ಒಂದು ಹೊಸ ಕ್ಷೌರದ ಕತ್ತಿ ತೋರಿಸಿದ. ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಗೇಣುದ್ದಕ್ಕಿಂತ ಚಿಕ್ಕ ಹಿಡಿ, ಅದರ ಮೇಲೆ ಅಡ್ಡಲಾಗಿ ಒಂದು ತಲೆ, ತಲೆಯ ಎರಡೂ ಬದಿಗೆ ಒಂದೊಂದು ಅಲಗು. ಹಿಡಿಯ ಕೊರಳಲ್ಲೊಂದು ಉಂಗುರ, ಉಂಗುರದ ಮೇಲೆ ಒಂದರಿಂದ ಒಂಬತ್ತರವರೆಗೆ ಅಂಕಿ.

"ಮಹಾಪ್ರಭು, ಉಂಗುರ ತಿರುಗಿಸಿದಂತೆ ಅಲಗಿನ ಬಾಯಿ ತೆರೆಯುತ್ತದೆ," ಎಂದ ವ್ಯಾಪಾರಿ. "ಎಳೆಯ ಗಡ್ಡಕ್ಕೆ ಒಂದು, ಒರಟು ಗಡ್ಡಕ್ಕೆ ಒಂಬತ್ತು. ನಡುಗುವ ಕೈಯಲ್ಲಿ ಹಿಡಿದರೂ ಒಂದು ಹನಿ ರಕ್ತ ಬರುವುದಿಲ್ಲ. ಬೇಕಾದರೆ ತಮ್ಮ ಗಡ್ಡ ತಾವೇ ತೆಗೆದುಕೊಳ್ಳಬಹುದು."

ನಡುಗುವ ಕೈ ಎನ್ನುವಾಗ ಆಸ್ಥಾನವೆಲ್ಲ ಸಂಕಣ್ಣನ ಕಡೆ ನೋಡಿತು. ಸಂಕಣ್ಣ ಮಾತ್ರ ವ್ಯಾಪಾರಿಯ ಮುಖವನ್ನು ನೋಡುತ್ತಿದ್ದ. ಹಸುಗೂಸಿನ ಕೆನ್ನೆಯ ಮೇಲೂ ಕಂಡೂ ಕಾಣದ ರೋಮವಿರುತ್ತದೆ, ಅದು ಕ್ಷೌರಿಕನಿಗೆ ಗೊತ್ತು. ಈ ಮನುಷ್ಯನ ಮುಖದಲ್ಲಿ ಅದೂ ಇರಲಿಲ್ಲ. ಹುಬ್ಬಿಲ್ಲ, ರೆಪ್ಪೆಗೂದಲಿಲ್ಲ, ಒಂದು ಗೆರೆಯಿಲ್ಲ, ಒಂದು ಮಚ್ಚೆಯಿಲ್ಲ. ಈಗತಾನೇ ಸಾರಿಸಿದ ನೆಲದ ಹಾಗಿತ್ತು.

"ಬುದ್ಧಿ, ನನಗ್ಯಾಕೋ ಇದು ಸರಿ ಕಾಣ್ತಿಲ್ಲ," ಎಂದ ಸಂಕಣ್ಣ.

"ನಿನಗೆ ಯಾವುದು ಸರಿ ಕಂಡಿದೆ ಸಂಕಣ್ಣ?" ಎಂದು ರಾಜ ನಕ್ಕ. "ಕಟ್ಟಳೆ ಇದೆಯಲ್ಲ, ಪರೀಕ್ಷೆ ಮಾಡು."

ಹೊನ್ನಗವಿಯ ಕಟ್ಟಳೆ ಹೀಗಿತ್ತು: ಹೊಸ ಕತ್ತಿ ರಾಜನ ಕೆನ್ನೆ ಮುಟ್ಟುವ ಮೊದಲು ಮೂರು ಕೆನ್ನೆ ದಾಟಿ ಬರಬೇಕು. ಮೊದಲನೆಯದು ಅರಮನೆಯ ಮೇವು ತಿನ್ನುವವರ ಕೆನ್ನೆ. ಎರಡನೆಯದು ಅರಮನೆ ಕಾಯುವವರ ಕೆನ್ನೆ. ಮೂರನೆಯದು ಕತ್ತಿ ತಂದವನ ಕೆನ್ನೆ, ಅದೂ ಸಿಂಹದ ಎದುರಿಗೆ, ರಾಜನಿಗೆ ಬಳಸುವ ರೀತಿಯಲ್ಲೇ. ಕಟ್ಟಳೆ ಕೇಳಿ ವ್ಯಾಪಾರಿ ತಕ್ಷಣ ಒಪ್ಪಿಕೊಂಡ. ಅಷ್ಟು ಬೇಗ ಒಪ್ಪಿಕೊಂಡದ್ದೂ ಸಂಕಣ್ಣನಿಗೆ ಹಿಡಿಸಲಿಲ್ಲ.

ಮೊದಲನೆಯ ದಿನ ಅರಮನೆಯ ಮಾತನಾಡುವ ಹೋತ ಗಡ್ಡಪ್ಪನನ್ನು ಕೂರಿಸಿದರು. ವ್ಯಾಪಾರಿ ಉಂಗುರವನ್ನು ಮೂರಕ್ಕೆ ತಿರುಗಿಸಿ ಕೊಟ್ಟ.

"ಹುಷಾರು ಸಂಕಣ್ಣ, ಹನ್ನೆರಡು ವರ್ಷ ಸಾಕಿದ ಗಡ್ಡ," ಎಂದಿತು ಹೋತ.

ಸಂಕಣ್ಣ ನೊರೆ ಹಚ್ಚಿ ಒಂದು ಸಲ ಎಳೆದ. ಗಡ್ಡ ಉದುರಿ ಬಿತ್ತು. ಗಾಯವಿಲ್ಲ, ಉರಿಯಿಲ್ಲ. ಎಲ್ಲರೂ ಭೇಷ್ ಎಂದರು. ಹೋತ ತೊಟ್ಟಿಯ ನೀರಿನಲ್ಲಿ ಮುಖ ನೋಡಿಕೊಂಡು, "ಗಲ್ಲದ ಕೆಳಗೆ ಚಂದ್ರನ ಹಾಗೆ ಬಿಳಿ ಮಚ್ಚೆಯಿತ್ತಲ್ಲ, ಎಲ್ಲಿ ಹೋಯ್ತು?" ಎಂದಿತು.

"ಹನ್ನೆರಡು ವರ್ಷದಿಂದ ಗಡ್ಡದಡಿ ಇದ್ದದ್ದನ್ನು ನೋಡಿದವರು ಯಾರು?" ಎಂದ ವ್ಯಾಪಾರಿ. ಎಲ್ಲರೂ ನಕ್ಕರು.

ಸಂಕಣ್ಣ ಮನೆಗೆ ಹೋದಾಗ ಸಿದ್ದಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. "ಬಲಗೆನ್ನೆ ಮೇಲಿದ್ದ ನಿಮ್ಮ ಮಚ್ಚೆ ಎಲ್ರೀ?" ಎಂದಳು. ಸಂಕಣ್ಣ ಮುಟ್ಟಿ ನೋಡಿಕೊಂಡ. ಮಚ್ಚೆ ಇರಲಿಲ್ಲ. ಆವತ್ತು ಅವನು ಸಾರಿನ ಉಪ್ಪು ನೋಡುವುದನ್ನೂ ಮರೆತ.

ಎರಡನೆಯ ದಿನ ಭಂಡಾರ ಕಾಯುವ ಕರಡಿಯ ಸರದಿ. ಆ ಕರಡಿಯ ಹಣೆಯ ಮೇಲೆ ಮೂರು ದಪ್ಪ ಗೆರೆಗಳಿದ್ದವು. ಅದು ಹುಬ್ಬು ಗಂಟಿಕ್ಕಿದರೆ ಸಾಕು, ಕಳ್ಳರು ಊರು ಬಿಡುತ್ತಿದ್ದರು. ವ್ಯಾಪಾರಿ ಉಂಗುರವನ್ನು ಆರಕ್ಕೆ ತಿರುಗಿಸಿದ. ಸಂಕಣ್ಣ ಕರಡಿಯ ಕೆನ್ನೆಗೆ ಕತ್ತಿ ತಾಗಿಸಿದನಷ್ಟೆ, ಕತ್ತಿ ತಾನೇ ಮುಂದೆ ನಡೆಯಿತು. ಅವನ ಕೈಯನ್ನು ದರದರ ಎಳೆದುಕೊಂಡು ಕೆನ್ನೆಯಿಂದ ಹಣೆಗೆ ಏರಿತು. ನಿಲ್ಲಿಸಲು ಅವನು ಎರಡೂ ಕೈ ಹಾಕಬೇಕಾಯಿತು.

ಕರಡಿಯ ಮುಖ ಬೆಣ್ಣೆಯಂತೆ ನುಣ್ಣಗಾಯಿತು. ಅದು ಹುಬ್ಬು ಗಂಟಿಕ್ಕಲು ನೋಡಿತು, ಆಗಲಿಲ್ಲ. "ನನಗೆ ಸಿಟ್ಟು ಬಂದಿದೆ, ಆದರೆ ಮುಖಕ್ಕೆ ಬರ್ತಿಲ್ಲ," ಎಂದು ಗೊಣಗಿತು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ಸಂಕಣ್ಣನನ್ನು ನೋಡಿ ಬಾಯ ಮೇಲೆ ಬೆರಳಿಟ್ಟುಕೊಂಡಿದ್ದರು. ಅವನ ಹಣೆಯ ಸುಕ್ಕುಗಳೆಲ್ಲ ಹೋಗಿದ್ದವು.

"ಸಂಕಣ್ಣ, ಹತ್ತು ವರ್ಷ ಚಿಕ್ಕವನಾದೆಯಲ್ಲ," ಎಂದ ರಾಜ.

ಸುಳ್ಳು ಯಾಕೆ ಹೇಳಲಿ, ಸಂಕಣ್ಣನಿಗೆ ಒಳಗೊಳಗೇ ಖುಷಿಯಾಯಿತು. ದಾರಿಯುದ್ದಕ್ಕೂ ಹಣೆ ಸವರಿಕೊಳ್ಳುತ್ತ ಮನೆಗೆ ಬಂದು ಕದ ತಟ್ಟಿದ. ಸಿದ್ದಮ್ಮ ಕದ ತೆರೆದು, ಸೆರಗು ಸರಿಮಾಡಿಕೊಂಡು, ಬಾಗಿಲಿಗೆ ಅಡ್ಡ ನಿಂತಳು.

"ಯಾರು ಬೇಕಿತ್ತು?"

"ನಾನೇ ಕಣೇ."

"ದನಿ ನಮ್ಮೆಜಮಾನ್ರುದು," ಎಂದಳು ಸಿದ್ದಮ್ಮ, ಒಂದು ಹೆಜ್ಜೆ ಹಿಂದೆ ಸರಿದು. "ಮುಖ ಯಾರ್ದು?"

ಸಂಕಣ್ಣನ ಖುಷಿ ಅಲ್ಲೇ ಸತ್ತುಹೋಯಿತು. ನಲವತ್ತು ವರ್ಷ ಜೊತೆಗೆ ಉಂಡವಳು ತನ್ನನ್ನು ಹೊಸಬನ ಹಾಗೆ ನೋಡಿದ್ದು ಅವನಿಗೆ ತಡೆಯಲಾಗಲಿಲ್ಲ. ಜಗಲಿಯ ಮೇಲೆ ಕೂತು ಯೋಚಿಸಿದ. ಹಳೆಯ ಕತ್ತಿಗೆ ಒಂದೇ ಬಾಯಿ, ಅದು ಗಿರಾಕಿಯ ಕಡೆಗಿರುತ್ತದೆ. ಈ ಕತ್ತಿಗೆ ಎರಡು. ಒಂದು ಗಿರಾಕಿಯ ಕಡೆಗಿದ್ದರೆ ಇನ್ನೊಂದು ಹಿಡಿದವನ ಕಡೆಗಿರುತ್ತದೆ. ಕರಡಿಯ ಮುಖವನ್ನು ಒಂದು ಬಾಯಿ ತಿನ್ನುವಾಗ ತನ್ನ ಮುಖವನ್ನು ಇನ್ನೊಂದು ತಿಂದಿತ್ತು.

ಅವನು ಎದ್ದು ನೇರವಾಗಿ ವ್ಯಾಪಾರಿ ಇಳಿದಿದ್ದ ಛತ್ರಕ್ಕೆ ಹೋದ. ನಡು ಮಧ್ಯಾಹ್ನ, ಕಿಟಕಿ ಅರ್ಧ ತೆರೆದಿತ್ತು. ಒಳಗೆ ವ್ಯಾಪಾರಿ ಕತ್ತಿಯ ಹಿಡಿಯ ತುದಿಯನ್ನು ತಿರುಗಿಸಿದ. ಕತ್ತಿಯ ತಲೆ ಪುಟ್ಟ ಜೋಡಿ ಕದಗಳಂತೆ ತೆರೆದುಕೊಂಡಿತು. ಒಳಗಿನಿಂದ ಅವನು ಬೆರಳಿನಲ್ಲಿ ಏನನ್ನೋ ತೆಗೆದು ಮುಖಕ್ಕೆ ಹಚ್ಚಿಕೊಂಡ. ಬಲಗೆನ್ನೆಯ ಮೇಲೆ ಸಂಕಣ್ಣನ ಮಚ್ಚೆ ಮೂಡಿತು. ಗಲ್ಲದಡಿ ಹೋತದ ಚಂದ್ರ ಮೂಡಿತು. ಹಣೆಯ ಮೇಲೆ ಕರಡಿಯ ಮೂರು ಗೆರೆ ಮೂಡಿದವು.

"ನಾಳೆ ಒಂಬತ್ತು," ಎಂದು ವ್ಯಾಪಾರಿ ತನ್ನಷ್ಟಕ್ಕೆ ಹೇಳಿಕೊಂಡ. "ನಾಳೆ ರಾಜನ ಮುಖವೇ ನನ್ನದು. ಸಿಂಹ ನನಗೆ ಬಾಗಿಲು ತೆರೆಯುತ್ತದೆ."

ಸಂಕಣ್ಣ ಏದುಸಿರು ಬಿಡುತ್ತ ಅರಮನೆಗೆ ಓಡಿ ಎಲ್ಲವನ್ನೂ ಹೇಳಿದ. ರಾಜ ವ್ಯಾಪಾರಿಯನ್ನು ಕರೆಸಿದ. ವ್ಯಾಪಾರಿ ಮುಖದ ತುಂಬ ಗಂಧ ಬಳಿದುಕೊಂಡು ಬಂದಿದ್ದ. ಮಚ್ಚೆಯೂ ಕಾಣಲಿಲ್ಲ, ಗೆರೆಯೂ ಕಾಣಲಿಲ್ಲ.

"ವಯಸ್ಸಾದ ಕೆಲಸಗಾರನಿಗೆ ಹೊಸ ಸಾಧನ ಕಂಡರೆ ಹೊಟ್ಟೆ ಉರಿಯುವುದು ಸಹಜ ಪ್ರಭು," ಎಂದ ಅವನು, ಬಹಳ ಮೆತ್ತಗೆ.

"ಸಂಕಣ್ಣ," ಎಂದ ರಾಜ, "ನಿನ್ನ ಕೈ ನಡುಗಿದಾಗ ನಾನು ನಿನ್ನನ್ನು ಬೈಯಲಿಲ್ಲ. ಈಗ ನೀನು ಕತ್ತಿಯನ್ನು ಬೈಯಬೇಡ. ಸುಕ್ಕು ಹೋದರೆ ಅದು ನಷ್ಟವೇ?"

ಆ ಮಾತು ಸಂಕಣ್ಣನ ಎದೆಗೆ ನಾಟಿತು. ಹೊರಗೆ ಬಂದು, ನನಗೆ ನಿಜವಾಗಿ ಹೊಟ್ಟೆಕಿಚ್ಚೇ ಇರಬಹುದೇ ಎಂದು ತನ್ನನ್ನೇ ಕೇಳಿಕೊಂಡ. ಇದೆ, ಸ್ವಲ್ಪ ಇದೆ, ಎಂದು ಒಪ್ಪಿಕೊಂಡ. ಆದರೆ ಮಚ್ಚೆ ಹೋದದ್ದೂ ನಿಜವಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಸಿಂಹದ ಮುಂದೆ ಜನ ಸೇರಿದರು. ರಾಜ ಒಂದು ಪೀಠದ ಮೇಲೆ ಕೂತ. ಸಂಕಣ್ಣನೇ ಕತ್ತಿ ಹಿಡಿಯುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ವ್ಯಾಪಾರಿ ಕೈ ಮುಗಿದು, "ಮುದುಕನಿಗೆ ತೊಂದರೆ ಬೇಡ. ನನ್ನ ಕ್ಷೌರ ನಾನೇ ಮಾಡಿಕೊಂಡು ತೋರಿಸುತ್ತೇನೆ," ಎಂದ. ತನ್ನ ಮಣೆಯನ್ನು ತಾನೇ ಎತ್ತಿ ತಂದು ರಾಜನ ಎದುರಿಗೆ, ಮಾರು ದೂರದಲ್ಲಿ ಹಾಕಿಕೊಂಡ. "ಪ್ರಭುಗಳಿಗೆ ಚೆನ್ನಾಗಿ ಕಾಣಲಿ."

ಸಂಕಣ್ಣನಿಗೆ ಅರ್ಥವಾಯಿತು. ಒಂದು ಬಾಯಿ ಅವನ ಕೆನ್ನೆಯ ಮೇಲೆ ಸುಮ್ಮನೆ ಆಡುತ್ತದೆ. ಹೊರಗಿನ ಬಾಯಿ ನೇರವಾಗಿ ರಾಜನನ್ನು ನೋಡುತ್ತದೆ. ಆಮೇಲೆ ಹಿಡಿ ತಿರುಗಿಸಿದರೆ ಕಳೆದುಕೊಂಡದ್ದನ್ನೂ ಕದ್ದದ್ದನ್ನೂ ಒಟ್ಟಿಗೆ ಹಚ್ಚಿಕೊಳ್ಳಬಹುದು.

ವ್ಯಾಪಾರಿ ನೊರೆ ಬಳಿದುಕೊಂಡು ಉಂಗುರವನ್ನು ಒಂಬತ್ತಕ್ಕೆ ತಿರುಗಿಸಿದ. ಆಗ ಸಂಕಣ್ಣ ತನ್ನ ಹಡಪ ಬಿಚ್ಚಿದ. ಆ ಚರ್ಮದ ಚೀಲದಿಂದ ಮೂಲೆಯೊಡೆದ ಹಳೆಯ ಕನ್ನಡಿ ತೆಗೆದು, ಇಬ್ಬರ ನಡುವೆ ಬಂದು ನಿಂತ.

"ಕನ್ನಡಿ ಬೇಡ," ಎಂದ ವ್ಯಾಪಾರಿ.

"ಕನ್ನಡಿ ಹಿಡೀದೆ ನಾನು ಇವತ್ತಿನವರೆಗೆ ಯಾರ ಕ್ಷೌರನೂ ಮುಗಿಸಿಲ್ಲ ಸ್ವಾಮಿ. ರಾಜರಿಗೂ ಹಿಡೀತೀನಿ. ರಾಜರಿಗೆ ಮಾಡೋ ಹಾಗೇ ನಿಮಗೂ ಮಾಡ್ಬೇಕು, ಅದೇ ಕಟ್ಟಳೆ."

"ಹೌದು," ಎಂದಿತು ಕಲ್ಲಿನ ಸಿಂಹ. ಅದು ವರ್ಷಕ್ಕೊಮ್ಮೆ ಮಾತನಾಡಿದರೆ ಹೆಚ್ಚು.

ವ್ಯಾಪಾರಿ ಸಂಕಣ್ಣನ ಕೈ ನೋಡಿದ. ಕನ್ನಡಿ ಗಡಗಡ ನಡುಗುತ್ತಿತ್ತು, ಒಮ್ಮೆ ಈಚೆ ಒಮ್ಮೆ ಆಚೆ ಜಾರುತ್ತಿತ್ತು. ಜಾರಿದಾಗಲೆಲ್ಲ ಹಿಂದಿನಿಂದ ರಾಜನ ಮುಖ ಕಾಣುತ್ತಿತ್ತು. ವ್ಯಾಪಾರಿ ನಕ್ಕು, ಕತ್ತಿಯನ್ನು ಗಾಳಿಯಲ್ಲೇ ಹಿಡಿದು ಕಾದ.

ಸಂಕಣ್ಣ ತನ್ನ ಕೈ ನೋಡಿಕೊಂಡ. ಈ ಕೈ ಮೇಲೆ ನನಗೇ ನಂಬಿಕೆ ಇಲ್ಲ, ಇದರ ಮೇಲೆ ರಾಜನ ಮುಖ ಬಿಡುವುದು ಹೇಗೆ ಎಂದುಕೊಂಡ. ಹೆಗಲ ಮೇಲಿದ್ದ ಕ್ಷೌರದ ವಸ್ತ್ರವನ್ನು ಎಳೆದು, ಕನ್ನಡಿಯನ್ನು ಎದೆಗೆ ಇಟ್ಟುಕೊಂಡು, ಬೆನ್ನ ಹಿಂದಿನಿಂದ ಸುತ್ತಿ ಬಿಗಿಯಾಗಿ ಗಂಟು ಹಾಕಿದ. ಆಮೇಲೆ ರಾಜನ ಮುಖಕ್ಕೆ ಅಡ್ಡವಾಗುವಂತೆ ಮಂಡಿಯೂರಿ ಕೂತ. ಈಗ ಕನ್ನಡಿ ಅಲುಗಲಿಲ್ಲ.

ವ್ಯಾಪಾರಿಯ ನಗು ಕಡಿಮೆಯಾಯಿತು. ಅವನು ಎಡಕ್ಕೆ ಬಾಗಿದ. ಸಂಕಣ್ಣ ಎಡಕ್ಕೆ ಬಾಗಿದ. ಅವನು ಬಲಕ್ಕೆ ಸರಿದ. ಸಂಕಣ್ಣನೂ ಸರಿದ. ಗಿರಾಕಿ ಹೊರಳಿದಂತೆ ಹೊರಳುವುದನ್ನು ಮೂವತ್ತೆಂಟು ವರ್ಷ ಮಾಡಿದವನಿಗೆ ಅದು ಕಷ್ಟವಾಗಲಿಲ್ಲ. ವ್ಯಾಪಾರಿಯ ಹೆಬ್ಬೆರಳು ಮೆಲ್ಲಗೆ ಉಂಗುರವನ್ನು ಹಿಂದಕ್ಕೆ ತಿರುಗಿಸತೊಡಗಿತು.

"ಒಂಬತ್ತು ಅಂದಿದ್ರಲ್ಲ," ಎಂದ ಸಂಕಣ್ಣ.

"ಒಂಬತ್ತೇ ಇರಲಿ," ಎಂದ ರಾಜ. ಈಗ ಅವನ ದನಿಯಲ್ಲೂ ಅನುಮಾನವಿತ್ತು. "ಯಾಕೆ ತಡ?"

ಸಿಂಹ ಎದ್ದು ನಿಂತಿತು. ಬೇರೆ ದಾರಿಯಿಲ್ಲದೆ ವ್ಯಾಪಾರಿ ಕತ್ತಿಯನ್ನು ಕೆನ್ನೆಗೆ ಒಂದಿಷ್ಟೇ ತಾಗಿಸಿದ. ಅಷ್ಟೇ ಸಾಕಾಯಿತು. ಒಂಬತ್ತರಲ್ಲಿ ಬಾಯಿ ತೆರೆದ ಆ ಕತ್ತಿಗೆ ನಿಲ್ಲುವುದು ಗೊತ್ತಿರಲಿಲ್ಲ. ಅದು ಅವನ ಕೈಯನ್ನೆಳೆದುಕೊಂಡು ಕೆನ್ನೆ, ಮೂಗು, ಹಣೆ ಎಲ್ಲವನ್ನೂ ಹೆರೆಯಿತು. ಒಳಗಿನ ಬಾಯಿ ಅವನ ಮುಖವನ್ನು ತಿಂದಿತು. ಹೊರಗಿನ ಬಾಯಿ ಕನ್ನಡಿಯಲ್ಲಿದ್ದ ಅವನ ಮುಖವನ್ನು ತಿಂದಿತು. ಕೂಗಲು ಅವನಿಗೆ ಬಾಯಿ ಉಳಿಯಲಿಲ್ಲ. ಕತ್ತಿ ನೆಲಕ್ಕೆ ಬಿತ್ತು.

ಸಂಕಣ್ಣ ಅದನ್ನೆತ್ತಿಕೊಂಡು ಹಿಡಿಯ ತುದಿಯನ್ನು ತಿರುಗಿಸಿದ. ಜೋಡಿ ಕದ ತೆರೆದವು. ಮೊದಲು ಒಂದು ಮಚ್ಚೆ ಹಾರಿ ಬಂದು ಅವನ ಬಲಗೆನ್ನೆಗೆ ಕೂತಿತು. ಹಿಂದೆಯೇ ಸುಕ್ಕುಗಳು ಬಂದವು. ಬಿಳಿ ಚಂದ್ರ ಹೋತಕ್ಕೆ ಸೇರಿತು, ಮೂರು ಗೆರೆ ಕರಡಿಗೆ ಸೇರಿದವು. ಆಮೇಲೆ ಯಾರು ಯಾರದೋ ನಗು, ಹುಬ್ಬು, ಗಲ್ಲದ ಗುಳಿ, ಬಗೆಬಗೆಯ ಮುಖಗಳು ಹಕ್ಕಿಗಳಂತೆ ಹಾರಿ ತಮ್ಮ ತಮ್ಮ ಊರಿನ ದಿಕ್ಕು ಹಿಡಿದವು. ಎಲ್ಲವೂ ಹೋದ ಮೇಲೆ ನೋಡಿದರೆ ಮಣೆಯ ಮೇಲೆ ಬರೀ ಬಟ್ಟೆ ಬಿದ್ದಿತ್ತು. ಅವನದೇ ಆದದ್ದು ಒಳಗೆ ಏನೂ ಇರಲಿಲ್ಲ.

ರಾಜ ಪೀಠದಿಂದಿಳಿದು ಬಂದು, ಸಂಕಣ್ಣನ ಬೆನ್ನ ಮೇಲಿನ ಗಂಟನ್ನು ತಾನೇ ಬಿಚ್ಚಿದ. "ನಿನ್ನ ಮಾತು ನಂಬಬೇಕಿತ್ತು. ತಪ್ಪಾಯಿತು," ಎಂದ. ಕರಡಿ ಆನಂದದಿಂದ ಹುಬ್ಬು ಗಂಟಿಕ್ಕಿತು. ನಾಲ್ಕು ಜನ ಹೆದರಿ ಓಡಿದರು.

ಕತ್ತಿಯನ್ನು ಬಾವಿಗೆ ಎಸೆಯಬೇಕೆಂದರು ಎಲ್ಲರೂ. ಸಂಕಣ್ಣ ಅದಕ್ಕೂ ಒಪ್ಪಲಿಲ್ಲ. ಮಾಯೆ ಹೋದ ಮೇಲೆ ಉಳಿದದ್ದೇನು ಎಂದು ನೋಡಬೇಕಿತ್ತು. ಉಂಗುರವನ್ನು ಒಂದಕ್ಕೆ ತಿರುಗಿಸಿ, ಎದುರಿಗೆ ಒಬ್ಬರೂ ಇಲ್ಲದ ಗೋಡೆ ನೋಡಿ ಕೂತು, ತನ್ನದೇ ಎಡಗೆನ್ನೆಗೆ ತಾಗಿಸಿದ. ಕೈ ನಡುಗಿತು. ಕತ್ತಿ ನಡುಗಿತು. ರಕ್ತ ಬರಲಿಲ್ಲ, ಮುಖದ ಒಂದು ಗೆರೆಯೂ ಅಳಿಯಲಿಲ್ಲ. ಅವನು ಎರಡಕ್ಕೆ ತಿರುಗಿಸಿ ನೋಡಿದ, ಮತ್ತೆ ಒಂದಕ್ಕೇ ತಂದ. ಬಹಳ ಹೊತ್ತು ಕೆನ್ನೆ ಸವರಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ, "ಕತ್ತಿ ಒಳ್ಳೇದೇ," ಎಂದ.

ಮಾರನೆಯ ಬೆಳಿಗ್ಗೆ ಅವನು ಅದೇ ಕತ್ತಿಯಲ್ಲಿ ರಾಜನ ಗಡ್ಡ ತೆಗೆದ. ಸಿಂಹ ಹಣೆಯಿಂದ ಗಲ್ಲದವರೆಗೆ ನೋಡಿ ಬಾಗಿಲು ತೆರೆಯಿತು. ಆಮೇಲೆ ಒಂದು ದಿನವೂ ಬಾಗಿಲು ತೆರೆಯದೆ ಉಳಿಯಲಿಲ್ಲ, ತರಕಾರಿ ಕೊಳೆಯಲಿಲ್ಲ. ರಾಜನೂ ಹೋತವೂ ಕರಡಿಯೂ ತಮ್ಮ ತಮ್ಮ ಮುಖ ಹೊತ್ತುಕೊಂಡು ನೂರು ಕಾಲ ನೆಮ್ಮದಿಯಾಗಿ ಬಾಳಿದರು.

ಸಂಕಣ್ಣನ ಅನುಮಾನ ಮಾತ್ರ ಹೋಗಲಿಲ್ಲ. ದಿನಾ ಕೆಲಸ ಮುಗಿಸಿ, ಬಲಗೆನ್ನೆಯ ಮಚ್ಚೆಯನ್ನು ಮುಟ್ಟಿ ನೋಡಿಕೊಂಡೇ ಮನೆಯ ದಾರಿ ಹಿಡಿಯುತ್ತಿದ್ದ. ಕದ ತಟ್ಟಿದರೆ ಸಿದ್ದಮ್ಮ ಅರ್ಧ ತೆರೆದು, ಬಾಗಿಲಿಗೆ ಅಡ್ಡ ನಿಂತು, "ಯಾರು ಬೇಕಿತ್ತು?" ಎಂದು ಕೇಳುವಳು.

"ನಾನೇ ಕಣೇ," ಎನ್ನುವನು ಸಂಕಣ್ಣ.

ಅವಳು ಆ ಸುಕ್ಕುಗಟ್ಟಿದ ಮುಖವನ್ನು ಹಣೆಯಿಂದ ಗಲ್ಲದವರೆಗೆ ಒಮ್ಮೆ ನೋಡಿ, ಬಾಗಿಲನ್ನು ಪೂರ್ತಿ ತೆರೆಯುವಳು.