ಚಿತ್ತಾ ನಕ್ಷತ್ರದ ಕೆಳಗೆ

ಯುಗಾದಿ ಅಮಾವಾಸ್ಯೆಯ ರಾತ್ರಿ ಹತ್ತನೇ ತರಗತಿಯ ಹುಡುಗಿಯರಿಗೆ ಒಮೆಗಾ ಸೆಂಟಾರಿ ತೋರಿಸುತ್ತೇನೆಂದು ವಿಶಾಖಾ ಮಾತು ಕೊಟ್ಟಿದ್ದಳು. ಸುಮಾರು ಒಂದು ಕೋಟಿ ನಕ್ಷತ್ರಗಳು ಒತ್ತೊತ್ತಾಗಿ ಸೇರಿದ ಗುಚ್ಛ ಅದು. ಆದರೆ ಬಸವಕಲ್ಯಾಣದ ಈ ವಿಜ್ಞಾನ ಶಿಕ್ಷಕಿ ಅದನ್ನು ಸ್ವತಃ ಕಂಡಿರಲಿಲ್ಲ.

ಅದು ದಕ್ಷಿಣದಲ್ಲಿ ತಗ್ಗಿನಲ್ಲೇ ಮೂಡಿ, ಸ್ವಲ್ಪ ಮೇಲೇರಿ, ಮುಳುಗಿಬಿಡುತ್ತದೆ. ಬಸವಕಲ್ಯಾಣದ ಕೋಟೆಯ ಹಿಂದಿನ ಬಯಲಿನಿಂದ ಹುಡುಕಿದಾಗ ಊರ ದೀಪಗಳು ಅಡ್ಡಬಂದವು. ಹುಮನಾಬಾದಿನ ಹೆದ್ದಾರಿ ಪಕ್ಕ ನಿಂತಾಗ ಲಾರಿಗಳ ಬೆಳಕು, ಧೂಳು. ಉಳಿದದ್ದು ಬೇಮಳಖೇಡದ ಆಚೆಯ ಗುಡ್ಡ. ಅದರ ದಕ್ಷಿಣಕ್ಕೆ ಕಾಡು ಬಿಟ್ಟರೆ ಬೇರೇನೂ ಇಲ್ಲ.

ಯುಗಾದಿಗೆ ಒಂದು ತಿಂಗಳು ಮೊದಲೇ ಜಾಗ ನೋಡಿಬರಲೆಂದು, ಶಿವರಾತ್ರಿ ಅಮಾವಾಸ್ಯೆಯ ರಾತ್ರಿ ವಿಶಾಖಾ ಮತ್ತಿಬ್ಬರನ್ನು ಕರೆದುಕೊಂಡು ಹೊರಟಳು. ಗೌಹರ, ವಿಶಾಖಾಳ ಬಾಲ್ಯದ ಗೆಳತಿ, ಹುಮನಾಬಾದಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಪಾಳಿ ಮುಗಿಸಿ ನೇರ ಬಂದಿದ್ದಳು. ಕಲ್ಲಿನಾಥ ಮದುವೆ ಫೋಟೋ ತೆಗೆಯುವವನು. ಹಿಂದಿನ ದಿನವಷ್ಟೇ ಎರಡು ಮದುವೆ ಮುಗಿಸಿದ್ದ ಅವನ ಕಣ್ಣು ಕೆಂಪಗಿತ್ತು.

ಬೇಮಳಖೇಡದಾಚೆ ಕಲ್ಲಿನಾಥನ ವ್ಯಾನು ನಿಲ್ಲಿಸಿ ಹೊಲದ ದಾರಿ ಹಿಡಿದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲೆಂದು ಟಾರ್ಚಿಗೆ ಕೆಂಪು ಬಟ್ಟೆ ಸುತ್ತಿದ್ದರು. ಕಲ್ಲಿನಾಥ ಕ್ಯಾಮೆರಾದ ಸ್ಟ್ಯಾಂಡು ಹೆಗಲಿಗಿಟ್ಟು ಮುಂದೆ ನಡೆದ.

"ಇನ್ನಾ ಎಷ್ಟು ದೂರ ಅದ?" ಗೌಹರ ಕೇಳಿದಳು.

"ಈ ಕಬ್ಬು ದಾಟಿದ್ರ ಗುಡ್ಡ," ಎಂದಳು ವಿಶಾಖಾ.

ಗೌಹರಳ ಕಾಲಿಗೆ ಏನೋ ಮೆತ್ತಗೆ ತಾಗಿತು. ಬಗ್ಗಿ ನೋಡಿದಳು. ಕಾಡುಹಂದಿ. ಕಾಲು ಸೆಟೆದಿತ್ತು, ಮೂತಿ ಸುಟ್ಟಿತ್ತು.

"ಅಣ್ಣಾ, ನಿಲ್ರಿ! ಕರೆಂಟ್ ಅದ!"

ಕಲ್ಲಿನಾಥ ಗಕ್ಕನೆ ನಿಂತ. ಗೌಹರ ಅವನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದಳು. ಇಬ್ಬರೂ ಬಿದ್ದರು.

ಸ್ಟ್ಯಾಂಡು ಕೈಜಾರಿ ಮುಂದಕ್ಕೆ ಹಾರಿತು.

ಚಟ್! ನೀಲಿ ಕಿಡಿ. ಮೊಣಕಾಲೆತ್ತರದಲ್ಲಿ ದಾರಿಗಡ್ಡ ಬಿಗಿದ ತಂತಿ ಒಂದು ಕ್ಷಣ ಕಂಡಿತು. ಸ್ಟ್ಯಾಂಡು ಅದಕ್ಕೆ ಬಡಿದು ಆಚೆ ಉರುಳಿತು.

ಕಲ್ಲಿನಾಥ ತೆವಳುತ್ತ ಹಿಂದೆ ಸರಿದ.

"ಮನೀಗಿ ಹೋಗಮು," ಎಂದ.

ವಿಶಾಖಾ ನೆಲದ ಮೇಲೆ ಕುಳಿತುಬಿಟ್ಟಳು. ಈ ದಾರಿಯಲ್ಲೇ ಅವಳು ಹುಡುಗಿಯರನ್ನು ಸಾಲಾಗಿ ಕರೆತರಬೇಕೆಂದಿದ್ದಳು. "ನೀವು ಹೋಗ್ರಿ ಅಣ್ಣಾ," ಎಂದಳು. "ನಾ ಇಲ್ಲೇ ಕೂಡ್ತೀನಿ. ನಸಕಿನ್ಯಾಗ ಕಬ್ಬು ಕಡಿಯೋರು ಇದೇ ಹಾದಿಗಿ ಬರ್ತಾರ. ಅವರಿಗಿ ಹೇಳೋರು ಯಾರು?"

"ಅವರು ಬರಲಾಕ ಇನ್ನಾ ಟೈಮ್ ಅದ," ಎಂದಳು ಗೌಹರ. "ಹಾದಿ ಬಂದ್ ಮಾಡಮು. ಗುಡ್ಡ ಹತ್ತಿ ನೋಡಿ, ಬೆಳಕಾಗೋದ್ರಾಗ ಇಲ್ಲಿಗೇ ಬರಮು."

ತಂತಿಯಿಂದ ದೂರದಲ್ಲೇ ಜಾಲಿಮುಳ್ಳು ಎಳೆದು ದಾರಿಗೆ ಅಡ್ಡ ಹಾಕಿದರು. ಕಲ್ಲಿನಾಥ ತನ್ನ ಬಿಳಿ ಟವೆಲನ್ನು ಅದರ ಮೇಲೆ ಕಟ್ಟಿದ. ಕೆಂಪು ಬಟ್ಟೆ ಕಿತ್ತು ಟಾರ್ಚು ಬೆಳಗಿಸಿ, ಹಳ್ಳಕ್ಕಿಳಿದು ಸುತ್ತಿ ನಡೆದರು. ಹಳ್ಳದಲ್ಲಿ ಕಲ್ಲು ಜಾರಿ ವಿಶಾಖಾಳ ಮೊಣಕಾಲು ತರಚಿತು. ಗೌಹರ ತನ್ನ ಓಢಣಿಯ ಅಂಚು ಹರಿದು ಕಟ್ಟಿದಳು. ಮೂವರೂ ಏದುಸಿರು ಬಿಡುತ್ತ ಗುಡ್ಡ ಏರಿದರು.

ಗುಡ್ಡದ ನೆತ್ತಿ ಕೆಂಪು ಜಂಬಿಟ್ಟಿಗೆಯ ಹಾಸು. ಹುಲ್ಲು ಒಣಗಿತ್ತು, ಮುತ್ತುಗದ ಗಿಡಗಳು ಎಲೆ ಉದುರಿಸಿ ನಿಂತಿದ್ದವು. ಹಿಂದೆ, ದೂರದಲ್ಲಿ, ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಕಡೆ ಆಕಾಶ ಮಬ್ಬು ಹಳದಿಯಾಗಿತ್ತು. ಮುಂದೆ ಕಾಡು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಕತ್ತಲೆಯಲ್ಲಿ ಕರಗಿತ್ತು. ಅಲ್ಲಿ ಒಂದೇ ಒಂದು ದೀಪವಿರಲಿಲ್ಲ.

ಟಾರ್ಚು ಆರಿಸಿ ಕಾದರು. ಮೂರು ಗಂಟೆಯ ಹೊತ್ತಿಗೆ ಚಿತ್ತಾ ನಕ್ಷತ್ರ ದಕ್ಷಿಣದಲ್ಲಿ ಎತ್ತರಕ್ಕೆ ಬಂದಿತ್ತು. ಅದರ ನೇರ ಕೆಳಗೆ, ದಿಗಂತದಿಂದ ಎರಡೂವರೆ ಮುಷ್ಟಿ ಮೇಲೆ ಆ ಗುಚ್ಛ ಇರಬೇಕು. ವಿಶಾಖಾ ಕೈ ಚಾಚಿ ಅಳೆದಳು. ಬರೀ ಮಂಜು.

"ಇಲ್ಲ," ಎಂದಳು.

"ತಡಿ," ಎಂದು ಗೌಹರ ಅವಳ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಳು. ಕಲ್ಲಿನಾಥ ಆಗಲೇ ಗೊರಕೆ ಹೊಡೆಯುತ್ತಿದ್ದ.

ತುಸು ಹೊತ್ತಿಗೆ ಕಾಡಿನಿಂದ ತಣ್ಣನೆ ಗಾಳಿ ಎದ್ದಿತು. ಮಂಜು ಸರಿಯಿತು. ಅಲ್ಲಿ ಒಂದು ಚುಕ್ಕೆ. ಉಳಿದವುಗಳಂತೆ ಮಿನುಗದ, ಅಂಚು ಮಸುಕಾದ ಚುಕ್ಕೆ. ವಿಶಾಖಾ ದುರ್ಬೀನು ಎತ್ತಿದಳು. ಹತ್ತಿ ಉಂಡೆಯಂಥ ದುಂಡನೆಯ ಬೆಳಕು, ನಡುವೆ ದಟ್ಟ, ಅಂಚಿಗೆ ತೆಳು. ತೋಳು ಸೋತು ದುರ್ಬೀನು ಅಲುಗುತ್ತಿದ್ದರೂ ಅವಳು ಕೆಳಗಿಳಿಸಲಿಲ್ಲ.

"ಅಣ್ಣಾ, ಏಳ್ರಿ! ಬಂತು!"

ಸ್ಟ್ಯಾಂಡು ತಂತಿಯಾಚೆ ಉಳಿದಿತ್ತು. ಕಲ್ಲಿನಾಥ ಕಲ್ಲಿನ ಮೇಲೆ ಚೀಲವಿಟ್ಟು, ಅದರ ಮೇಲೆ ಕ್ಯಾಮೆರಾ ಊರಿ, ಉಸಿರು ಬಿಗಿಹಿಡಿದು ಒತ್ತಿದ. ಚಿತ್ರ ಸ್ವಲ್ಪ ಅಲುಗಿತ್ತು. ಆದರೂ ಆ ಉಂಡೆಯ ಅಂಚಿನಲ್ಲಿ ನಕ್ಷತ್ರಗಳು ರವೆಯಂತೆ ಚೆಲ್ಲಿದ್ದವು.

ನಸುಕಿನಲ್ಲಿ ಮುಳ್ಳಿನ ಹತ್ತಿರ ಹಿಂತಿರುಗಿದಾಗ ಕಬ್ಬು ಕಡಿಯುವ ನಾಲ್ಕು ಜನ ಕುಡುಗೋಲು ಹಿಡಿದು ಟವೆಲಿನ ಮುಂದೆ ನಿಂತಿದ್ದರು. ಹೊಲದ ಮಾಲೀಕ ಮಡೆಪ್ಪ ಬೈಕಿನಲ್ಲಿ ಬಂದ.

"ಹಂದಿ ಕಬ್ಬೆಲ್ಲಾ ಹಾಳ ಮಾಡಾಕತ್ತಾವ್ರಿ, ನಾ ಏನ್ ಮಾಡ್ಲಿ?" ಎಂದ.

ಗೌಹರ ಹೊಲದಂಚಿನ ಕಂಬದ ಸ್ವಿಚ್ಚಿನತ್ತ ಕೈ ತೋರಿದಳು. "ಮೊದಲ ಬಂದ್ ಮಾಡ್ರಿ. ಸುಟ್ಟ ಮಂದೀನ ನಾ ದವಾಖಾನ್ಯಾಗ ನೋಡೀನಿ."

ಮಡೆಪ್ಪ ಕೆಲಸದವರ ಮುಖ ನೋಡಿದ. ಅವರಲ್ಲಿ ಯಾರೂ ಒಳಗೆ ಕಾಲಿಡಲಿಲ್ಲ. ಅವನು ಹೋಗಿ ಕರೆಂಟ್ ತೆಗೆದ. ತಂತಿಯನ್ನು ತಾನೇ ಸುತ್ತತೊಡಗಿದ.

ವ್ಯಾನಿನಲ್ಲಿ ಗೌಹರ ಕುಳಿತಲ್ಲೇ ನಿದ್ದೆಹೋದಳು. ಬೇಮಳಖೇಡದಲ್ಲಿ ಆಕಳುಗಳು ರಸ್ತೆಗಿಳಿದಿದ್ದವು. ಕಲ್ಲಿನಾಥ ಹಾರ್ನ್ ಹೊಡೆಯದೆ ನಿಲ್ಲಿಸಿ, ಸ್ಟಿಯರಿಂಗಿಗೆ ಹಣೆ ಆನಿಸಿದ.

"ಮೇಡಂ, ಮುಂದಿನ ತಿಂಗಳು ಎಷ್ಟಕ್ಕ ಬರಬೇಕು?"

"ನಡುರಾತ್ರಿ ಆದಮ್ಯಾಲ. ಆವಾಗ ಒಂದ ಗಂಟೆಗೇ ಮ್ಯಾಲ ಬರ್ತದ."

"ಎರಡು ತಾಸು ಲಗೂನೇ ಆತು," ಎಂದು ಅವನು ಆಕಳಿಸುತ್ತಲೇ ನಕ್ಕು ಗೇರು ಹಾಕಿದ.