ಡೋಲು ಕೇಳಿದ ಮೂರು ಹೆಸರು

ಏಳು ಕಡಲಿನಾಚೆ, ಹೊತ್ತು ಮುಳುಗುವ ದಿಕ್ಕಿಗೆ, ಕೊರೊಬಾ ಎಂಬ ರಾಜ್ಯವಿತ್ತು, ಬಹಳ ಹಿಂದೆ. ಅಲ್ಲಿನ ರಾಜನ ವಿಷಯ ಬಿಡಿ, ಉಂಡು ಮಲಗುವ ಆಸಾಮಿ. ನಿಜವಾದ ದೊರೆ ಅಂದರೆ ಒಂದು ಡೋಲು. ಒಂದೇ ದಿಮ್ಮಿಯಲ್ಲಿ ಕೆತ್ತಿ ಮೇಕೆಯ ಚರ್ಮ ಬಿಗಿದ ಅದಕ್ಕೆ ಜೆಂಬೆ ಎನ್ನುತ್ತಿದ್ದರು. ಅದನ್ನು ಬಾರಿಸಿದರೆ ನದಿ ಹರಿಯುವುದನ್ನು ಬಿಟ್ಟು ನಿಂತು ಕೇಳುತ್ತಿತ್ತು.

ಸುಗ್ಗಿ ಮುಗಿದ ದಿನ ಊರಿಗೆ ಊರೇ ಬಯಲಿಗೆ ಬರುತ್ತಿತ್ತು. ಒಂದು ಕಡೆ ಶೇಂಗಾ ಸಾರು ಕುದಿಯುತ್ತಿತ್ತು. ಇನ್ನೊಂದು ಕಡೆ ನೀಲಿ ಬಟ್ಟೆ, ಬುಟ್ಟಿ, ಮಡಕೆ ಹರಡಿರುತ್ತಿದ್ದವು. ಬಾರಿಸುವ ಮೊದಲು ಮೂರು ಹೆಸರು ಹೇಳಬೇಕು: ದಿಮ್ಮಿ ಕೊಟ್ಟ ಮರದ್ದು, ಚರ್ಮ ಕೊಟ್ಟ ಮೇಕೆಯದು, ಕೆತ್ತಿದವನದು. ಆದರೆ ಸಾರಿನ ಘಮಕ್ಕೆ ಬಾಯಲ್ಲಿ ನೀರೂರುವಾಗ ಹೆಸರು ಯಾರಿಗೆ ಬೇಕು ಹೇಳಿ. ಬರಬರುತ್ತಾ ಮೂರನ್ನೂ ಮರೆತುಬಿಟ್ಟರು.

ಒಂದು ವರ್ಷ ಮೊದಲ ಪೆಟ್ಟು ಬಿದ್ದದ್ದೇ ತಡ, ಬಯಲಂಚಿನ ದೊಡ್ಡಹುಣಸೆ ಮರದ ಮೇಲಿದ್ದ ಮುದಿ ಮಾಂತ್ರಿಕನೊಬ್ಬ ನಕ್ಕ.

"ಹೆಸರು ಹೇಳದ ಡೋಲು ನನ್ನದು," ಎಂದ.

ಡೋಲು ತನ್ನಷ್ಟಕ್ಕೆ ತಾನೇ ಬಾರಿಸಿಕೊಳ್ಳತೊಡಗಿತು. ಬಯಲಲ್ಲಿದ್ದವರೆಲ್ಲ ಕುಣಿಯತೊಡಗಿದರು. ಕಾಲು ನಿಲ್ಲಿಸಲು ಒಬ್ಬರಿಂದಲೂ ಆಗಲಿಲ್ಲ.

"ಹೊತ್ತು ಮುಳುಗಿದರೆ ನಿಮ್ಮ ಉಸಿರು ನಿಲ್ಲುತ್ತದೆ. ಮೂರು ಹೆಸರು ಹೇಳಿ, ಬಿಡುತ್ತೇನೆ."

ಬಟ್ಟೆಗೆ ನೀಲಿ ಬಣ್ಣ ಹಾಕುವವಳ ಮಗಳು ತೆನಿನ್ ಆಗಷ್ಟೇ ನದಿಯಿಂದ ನೀರು ತಂದಳು. ಅವಳ ತಾಯಿ ಕುಣಿಯುತ್ತಲೇ ಕೂಗಿದಳು: "ಬಯಲಿಗೆ ಕಾಲಿಡಬೇಡ ಮಗಳೇ, ಹೆಸರು ಹುಡುಕು!"

ತೆನಿನ್ ಸಜ್ಜೆ ಉಂಡೆ ಕಟ್ಟಿಕೊಂಡು ಕಾಡಿಗೆ ಓಡಿದಳು. ಡೋಲಿಗೆಂದು ಕಡಿದ ಮರದ ಬುಡವನ್ನು ಎರಡು ತಲೆಯ ಕತ್ತೆಕಿರುಬ ಕಾಯುತ್ತಿತ್ತು. ತಲೆಗೊಂದು ಉಂಡೆ ಕೊಟ್ಟಳು. ಬುಡ ಮಾತಾಡಿತು: "ನಾನು ದೂಬಾ."

ಬೆಟ್ಟ ಹತ್ತಿದಳು. ಅಲ್ಲೊಂದು ಮೇಕೆ, ಮೈಮೇಲೆ ಚರ್ಮವಿಲ್ಲ, ಗಡಗಡ ನಡುಗುತ್ತಿತ್ತು. "ನನ್ನ ಚರ್ಮ ಬಾರಿಸಿ ಊರೆಲ್ಲ ಕುಣಿಯುತ್ತದೆ, ನನಗೆ ಮಾತ್ರ ಚಳಿ," ಎಂದಿತು. ತಾಯಿ ನೀಲಿ ಹಾಕಿಕೊಟ್ಟ ಹೊದಿಕೆಯನ್ನು ತೆನಿನ್ ಅದಕ್ಕೆ ಹೊದಿಸಿದಳು. "ನಾನು ಬಾಜೆ," ಎಂದಿತು ಮೇಕೆ. "ಕೆತ್ತಿದವನ ಹೆಸರು ಗೊತ್ತಿಲ್ಲ. ಆದರೆ ಕೆತ್ತುವಾಗ ಅವನ ಹೆಬ್ಬೆರಳ ತುದಿ ತುಂಡಾಗಿತ್ತು."

ಅವಳು ಮರಳಿದಾಗ ಹೊತ್ತು ಮುಳುಗಲು ಗೇಣುದ್ದ ಉಳಿದಿತ್ತು. ತಾಯಿಯ ತುಟಿ ಒಣಗಿತ್ತು, ಕಾಲು ಮಾತ್ರ ಕುಣಿಯುತ್ತಿತ್ತು. ಕೆತ್ತಿದವನ ಹೆಸರು ಹಿರಿಯರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ತೆನಿನ್ ಅಳುತ್ತಾ ತಲೆಯೆತ್ತಿದಳು. ಕೊಂಬೆ ಹಿಡಿದಿದ್ದ ಮಾಂತ್ರಿಕನ ಹೆಬ್ಬೆರಳಿಗೆ ತುದಿಯಿರಲಿಲ್ಲ.

"ಅಜ್ಜಾ," ಎಂದಳು, "ಈ ಡೋಲು ಕೆತ್ತಿದವರು ನೀವೇ. ನಿಮ್ಮ ಹೆಸರೇನು?"

ಮುದುಕ ತನ್ನ ಮೋಟು ಹೆಬ್ಬೆರಳನ್ನು ನೋಡಿಕೊಂಡ.

"ನಲವತ್ತು ವರ್ಷವಾಯಿತು, ಒಬ್ಬರೂ ಕೇಳಲಿಲ್ಲ. ನೀನೂ ತಾಯಿಯ ಜೀವಕ್ಕಾಗಿ ಕೇಳುತ್ತಿದ್ದೀ."

"ಹೌದು ಅಜ್ಜಾ, ಅದಕ್ಕೇ ಕೇಳುತ್ತಿದ್ದೇನೆ. ನಾಳೆಯೂ ಕೇಳುತ್ತೇನೆ."

ಅವನ ಕಣ್ಣು ತುಂಬಿತು. "ಫಾಮೊರೊ," ಎಂದ, ಮೆಲ್ಲಗೆ.

"ದೂಬಾ! ಬಾಜೆ! ಫಾಮೊರೊ!" ತೆನಿನ್ ಕೂಗಿದಳು.

ಡೋಲು ನಿಂತಿತು. ಜನ ಕುಸಿದು ಕೂತರು, ಉಸಿರಾಡಿದರು. ಮಾಂತ್ರಿಕನ ಮಾಯೆಯೆಲ್ಲ ಉದುರಿ, ಮರದಿಂದ ಒಬ್ಬ ಮುದಿ ಬಡಗಿ ಇಳಿದ. ತೆನಿನ್‌ಳ ತಾಯಿ ಏದುಸಿರು ಬಿಡುತ್ತಲೇ ಮೊದಲ ಬಟ್ಟಲು ಸಾರನ್ನು ಅವನ ಕೈಗಿಟ್ಟಳು.

ಆಮೇಲೆ ಕೊರೊಬಾದವರು ಸುಖವಾಗಿ ಬಾಳಿದರು. ಪ್ರತಿ ಸುಗ್ಗಿಗೂ ಕತ್ತೆಕಿರುಬದ ಎರಡು ತಲೆಗೂ ಉಂಡೆ ಹೋಗುತ್ತಿತ್ತು. ಬಾರಿಸುವ ಮೊದಲು ಊರೆಲ್ಲ ಮೂರು ಹೆಸರು ಹೇಳುತ್ತಿತ್ತು. ಮೂರನೆಯದಕ್ಕೆ ಸಾರಿನ ಹಂಡೆಯ ಪಕ್ಕದಿಂದ ಒಂದು ಮೋಟು ಹೆಬ್ಬೆರಳು ಮೇಲೇಳುತ್ತಿತ್ತು.

"ಇದ್ದೇನೆ," ಎನ್ನುತ್ತಿದ್ದ ಫಾಮೊರೊ.