ಮುಖವಾಡದ ಮುಂದಿನ ಹೆಜ್ಜೆಗಳು

ದೊಡ್ಡಮ್ಮ ನೆಲಕ್ಕೆ ಕೆನ್ನೆ ತಾಗಿಸಿ, ಹಿಂದಿನ ಸಂಜೆ ಅಲ್ಲಿ ಬಳಿದ ಬಣ್ಣ ಒಣಗುವ ಮೊದಲೇ ಮೂಡಿದ್ದ ಹೆಜ್ಜೆಗಳನ್ನು ನೋಡುತ್ತಿದ್ದರು. ನಾನು ಟಾರ್ಚ್ ಹಿಡಿದಿದ್ದೆ. ಬಾಗಿಲಲ್ಲಿ ಪ್ರಿನ್ಸಿಪಾಲರು ಮೂರನೆಯ ಸಲ ಗಡಿಯಾರ ನೋಡಿಕೊಂಡರು.

ನಮ್ಮದು ಗೈಡುಗಳನ್ನು ತಯಾರು ಮಾಡುವ ಶಾಲೆ. ಬೇರೆ ನಾಡಿನವರ ಎದುರು ಹೇಗೆ ನಿಲ್ಲಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದನ್ನೆಲ್ಲ ಈ ಪ್ರದರ್ಶನ ಕೋಣೆಯಲ್ಲೇ ಕಲಿಸುತ್ತಾರೆ. ದೊಡ್ಡಮ್ಮ ನಿವೃತ್ತ ಗೈಡ್, ಶಾಲೆಯ ಮಹಡಿಯಲ್ಲೇ ವಾಸ. ನಾನು ಇಲ್ಲಿನ ಲೈಬ್ರರಿಯವನು, ಅವರ ಬಾಲ.

ದ್ವೀಪದವರು ಎಂದೋ ಕೊಟ್ಟಿದ್ದ ಮರದ ಮುಖವಾಡ ಹಿಂದಿನ ಗೋಡೆಯಿಂದ ಮಾಯವಾಗಿತ್ತು. ಮರುದಿನ ಆ ದ್ವೀಪದವರೇ ಬರುವವರಿದ್ದರು. ಅವರ ಪತ್ರವನ್ನು ಓದಿ ಹೇಳಿದ್ದು ಆ ಭಾಷೆ ಬಲ್ಲ, ಈಗಲೂ ಗೈಡಾಗಿ ಗುಂಪುಗಳನ್ನು ಕರೆದೊಯ್ಯುವ ಹಿರಿಯ ಮೇಷ್ಟ್ರು. ಹೆಜ್ಜೆಗಳು ಒಂದೇ ಸಾಲು, ಮುಂಬಾಗಿಲಿನಿಂದ ಗೋಡೆಯವರೆಗೆ, ಬೆರಳುಗಳು ಗೋಡೆಯ ಕಡೆಗೆ. ಮರಳಿದ ಗುರುತಿಲ್ಲ. ಅದೇ ಗೋಡೆಯಲ್ಲಿ ಉಪಾಧ್ಯಾಯರ ಕೋಣೆಗೆ ಹೋಗುವ ಹಿಂಬಾಗಿಲಿತ್ತು. ಆ ಬಾಗಿಲಿನಿಂದ ಮುಖವಾಡದ ಜಾಗದವರೆಗೆ ಗೋಡೆಯಂಚಿನ ನೆಲಕ್ಕೆ ಬಣ್ಣ ಬಳಿದಿರಲಿಲ್ಲ. ಎರಡೂ ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯುತ್ತವೆ. ಮುಂಬಾಗಿಲಿನ ಕೀಲಿ ಆ ವಾರ ಇದ್ದದ್ದು ಡಿಕ್ಕಿರಾಣಿಯ ಬಳಿ. ಗುಂಪಿಗೆ ಮುಖಮಾಡಿ ಹಿಂದಕ್ಕೆ ನಡೆಯುವ ಪಾಠದಲ್ಲಿ ದಿನಕ್ಕೆ ಮೂರು ಸಲ ಕಪಾಟಿಗೆ ಬಡಿಯುತ್ತಿದ್ದ ಹುಡುಗಿಗೆ ಗೆಳತಿಯರಿಟ್ಟ ಹೆಸರದು. ಸಂಜೆಯೊಳಗೆ ಅವಳನ್ನು ಶಾಲೆಯಿಂದ ತೆಗೆಯುವುದೆಂದು ತೀರ್ಮಾನವಾಗಿತ್ತು.

ದೊಡ್ಡಮ್ಮ ಎಲ್ಲರನ್ನೂ ಕರೆಸಿದರು.

“ಬೆರಳಿನ ಗುರುತು ಆಳವಾಗಿದೆ, ಹಿಮ್ಮಡಿ ತೆಳು. ಹೋದವರು ಗೋಡೆ ಕಡೆಗೆ ಬಂದಿಲ್ಲ. ಗೋಡೆ ನೋಡ್ತಾ ಹಿಂದಕ್ಕೆ ನಡೆದಿದಾರೆ. ಒಳಗೆ ಬಂದಿದ್ದು ಹಿಂಬಾಗಿಲಿಂದ.”

“ಹಿಂಬಾಗಿಲು ಪಕ್ಕದಲ್ಲೇ ಇತ್ತಲ್ಲ, ಅದರಲ್ಲೇ ಹೋಗ್ಬಹುದಿತ್ತು,” ಎಂದರು ಪ್ರಿನ್ಸಿಪಾಲರು.

“ಅದರಲ್ಲಿ ಹೋಗೋಕೆ ಆ ಜಾಗಕ್ಕೆ ಬೆನ್ನು ತಿರುಗಿಸ್ಬೇಕು. ಅದು ಸತ್ತವರ ಮುಖ. ಇಳಿಸಿದವರು ಹೊರಗೆ ಹೋಗೋವರೆಗೂ ಅದಿದ್ದ ಜಾಗಕ್ಕೆ ಬೆನ್ನು ತೋರಿಸೋ ಹಾಗಿಲ್ಲ. ಒಬ್ಬ ದ್ವೀಪದ ಮುದುಕಿ ನಂಗೆ ಹೇಳಿದ್ದು.”

ನಾನು ಹೆಜ್ಜೆಗಳ ಸಾಲನ್ನು ಮತ್ತೆ ನೋಡಿದೆ. ಏಳು ಗಾಜಿನ ಕಪಾಟುಗಳ ನಡುವೆ, ಒಮ್ಮೆಯೂ ತಿರುಗದೆ, ಒಂದನ್ನೂ ತಾಗದೆ, ನೂಲು ಹಿಡಿದಷ್ಟು ನೇರ. ಹಾಗೆ ನಡೆಯಲು ಮೂವತ್ತು ವರ್ಷದ ಪಳಗಿದ ಕಾಲು ಬೇಕು. ಡಿಕ್ಕಿರಾಣಿಯ ಕೈಲಿ ಆಗುವ ಮಾತಲ್ಲ.

ಹಿರಿಯ ಮೇಷ್ಟ್ರು ತಾವಾಗಿಯೇ ಎದ್ದು, ಉಪಾಧ್ಯಾಯರ ಕೋಣೆಯ ತಮ್ಮ ಕಪಾಟಿನಿಂದ ಬಿಳಿ ಬಟ್ಟೆ ಸುತ್ತಿದ ಮುಖವಾಡವನ್ನು ತಂದರು. ಅದನ್ನು ಗೋಡೆಗೆ ತೂಗುಹಾಕಿದ್ದವರೇ ಅವರು. ಮುಚ್ಚಿ ಮಲಗಿಸಿಡಬೇಕಾದ ಮುಖದ ಎದುರು ಹತ್ತು ವರ್ಷ ಮಕ್ಕಳನ್ನು ನಗಿಸುತ್ತ ಪಾಠ ಮಾಡಿದ್ದರು. ‘ನಮ್ಮವರು ನೆಮ್ಮದಿಯಾಗಿ ಮಲಗಿದ್ದಾರಾ?’ ಎಂದು ಪತ್ರದಲ್ಲಿತ್ತಂತೆ. ತಮ್ಮ ತಪ್ಪು ಅವರಿಗೆ ತಿಳಿದದ್ದು ಆಗಲೇ; ಆ ಸಾಲನ್ನು ಯಾರಿಗೂ ಓದಿ ಹೇಳದೆ, ರಾತ್ರಿ ಮುಖವಾಡವನ್ನು ಇಳಿಸಿ ಮುಚ್ಚಿಟ್ಟಿದ್ದರು. ಹುಡುಗಿಯ ಮೇಲೆ ಅಪವಾದ ಬಂದಾಗಲೂ ಬಾಯಿ ಬಿಡಲಿಲ್ಲ.

ಅವರು ಕೊರಳಿನಿಂದ ಗೈಡಿನ ಬಿಲ್ಲೆ ತೆಗೆದು ಡಿಕ್ಕಿರಾಣಿಯತ್ತ ಚಾಚಿದರು.

“ನಾಳೆ ಆ ಗುಂಪನ್ನ ನೀನೇ ಕರ್ಕೊಂಡು ಹೋಗಮ್ಮ. ನಾನು ರಜ ಹಾಕ್ತೀನಿ.”

ಅವಳು ಕೈ ಮುಂದೆ ಮಾಡಲಿಲ್ಲ.

“ಇಲ್ಲ ಸಾರ್. ಮುಖವಾಡ ಹಿಡ್ಕೊಂಡು ಅವರ ಮುಂದೆ ನೀವೇ ನಿಂತ್ಕೋಬೇಕು. ನಾನು ಹೋಗಲ್ಲ.”